ವಿಜಯದಶಮಿಯ ಮುಂಗಡ ವರದಿ

ಆಯುಧಪೂಜೆ ಬಂತೆಂದರೆ ಹುಣಸೂರಿನ ಬಜಾರ್ ರಸ್ತೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಟೈಪ್ ಮೆಶೀನುಗಳೂ ಗಿಟಾರುಗಳೂ ಒಂದೇ ಜಮಖಾನದ ಮೇಲೆ ಕುಂಕುಮ ಹಚ್ಚಿಸಿಕೊಂಡು ಕೂರುತ್ತಿದ್ದವು. ಇನ್‌ಸ್ಟಿಟ್ಯೂಟ್ ನಡೆಸುವ ಗೋವಿಂದಯ್ಯನವರೇ ಊರಿನ ಗಿಟಾರ್ ಸಂಘದ ಅಧ್ಯಕ್ಷರು. ಪೂಜೆಗೆ ಇಟ್ಟದ್ದನ್ನು ಮಾರನೆಯ ದಿನ, ವಿಜಯದಶಮಿಯ ಬೆಳಿಗ್ಗೆ ಹತ್ತಕ್ಕೆ ಮರುಪೂಜೆ ಆಗುವ ತನಕ ಯಾರೂ ಮುಟ್ಟುವ ಹಾಗಿಲ್ಲ. ಮೂಲೆಯಲ್ಲಿದ್ದ, ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರಕ್ಕೂ ಅದೇ ಕಟ್ಟಳೆ.

ಇದರಿಂದ ಒಂದು ವಿಚಿತ್ರ ರೂಢಿ ಬೆಳೆದಿತ್ತು. ದಶಮಿಯ ಕೂಟದಲ್ಲೇ ಹಂಚಬೇಕಾದ ಸಂಘದ ಸುದ್ದಿಪತ್ರ ಎರಡು ದಿನ ಮೊದಲೇ ಅಚ್ಚಾಗಬೇಕು. ಹಾಗಾಗಿ ಕೂಟ ಹೇಗೆ ನಡೆಯಿತು ಎಂಬ ವರದಿಯನ್ನು ಕೂಟಕ್ಕೆ ಮುಂಚೆಯೇ ಬರೆಯಬೇಕು. ಬರೆಯುವವಳು ಕಾರ್ಯದರ್ಶಿ ವಿಮಲ, ಹುಡುಗಿಯರ ಹೈಸ್ಕೂಲಿನ ಟೀಚರು. ಅರವತ್ತೆಂಟನೆಯ ಇಸವಿಯ ಆ ದಸರೆಗೂ ಅವಳೇ ಬರೆದಳು. ಬರೀ ಹೆಸರುಗಳ ಪಟ್ಟಿ ಸಪ್ಪೆ ಎಂದು ಗೋವಿಂದಯ್ಯ ಹೇಳಿದ್ದರಿಂದ ಕೋಸಂಬರಿಗೆ ಉಪ್ಪು ಜಾಸ್ತಿಯಾಯಿತೆಂದೂ, ಶಿವರುದ್ರಮ್ಮನವರ ಗಿಟಾರಿನ ಮೂರನೆಯ ತಂತಿ ಕಡಿದು ಎಲ್ಲರನ್ನೂ ಬೆಚ್ಚಿಬೀಳಿಸಿತೆಂದೂ, ಗುಬ್ಬಚ್ಚಿಯೊಂದು ಬಂದು ದೇವಿಯ ಪಟದ ಮೇಲೆ ಕೂತು ಕೇಳಿತೆಂದೂ ತಮಾಷೆಗೆ ಸೇರಿಸಿದಳು. ಕೊನೆಗೆ, ಎಲ್ಲರೂ ಸೇರಿ ನುಡಿಸಿದರು ಎಂದು ಬರೆದು ಹೆಸರುಗಳನ್ನು ಕೊಟ್ಟಳು. ಒಂದು ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟಳು. ಅದು ಅವಳ ಗಂಡನ ಹೆಸರು. ಬಿ.ಎ. ಓದಿದ್ದರೂ ಮದುವೆಯಾದ ನಾಲ್ಕು ವರ್ಷದಲ್ಲಿ ಆ ಹೆಸರನ್ನು ಅವಳು ಬಾಯಲ್ಲಿ ಆಡಿರಲಿಲ್ಲ, ಕೈಯಲ್ಲಿ ಬರೆದಿರಲಿಲ್ಲ. ಪ್ರತಿ ಸಲ ಸ್ಟೆನ್ಸಿಲ್ ಕೊರೆಯುವಾಗ ಗೋವಿಂದಯ್ಯನವರೇ ಅದನ್ನು ತುಂಬಿಕೊಳ್ಳುತ್ತಿದ್ದರು.

ಈ ಸಲ ಮರೆತರು. ಖಾಲಿ ಜಾಗವನ್ನು ಮುಚ್ಚಿ, ಇದ್ದ ಹೆಸರುಗಳನ್ನು ಎಣಿಸಿ, 'ಆರು ಗಿಟಾರುಗಳು ಒಂದೇ ಶ್ರುತಿಯಲ್ಲಿ ನುಡಿದವು' ಎಂದು ಕೊರೆದು ಇಪ್ಪತ್ತೈದು ಪ್ರತಿ ತೆಗೆದುಬಿಟ್ಟರು.

ವಿಮಲ ಅದನ್ನು ನೋಡಿದ್ದು ದಶಮಿಯ ಬೆಳಿಗ್ಗೆ.

"ಅಯ್ಯೋ, ತಪ್ಪಾಯ್ತಲ್ಲಮ್ಮ," ಎಂದು ಗೋವಿಂದಯ್ಯ ಹಣೆ ಒತ್ತಿಕೊಂಡರು. "ಓವರ್ಸಿಯರು ಬಂದ್ಮೇಲೆ ನಾನೇ ಕ್ಷಮೆ ಕೇಳ್ತೀನಿ, ಬುಡು."

ಓವರ್ಸಿಯರೆಂದರೆ ಅವಳ ಗಂಡ. ಬೀಚನಹಳ್ಳಿಯ ಅಣೆಕಟ್ಟಿನ ಕೆಲಸದಲ್ಲಿದ್ದು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದವನು. ಬೆಳಗಿನ ಸಿಮೆಂಟ್ ಲಾರಿಯಲ್ಲಿ ಹೊರಟು ಒಂಬತ್ತಕ್ಕೆಲ್ಲ ಇರುತ್ತೇನೆಂದು ಹೇಳಿಕಳಿಸಿದ್ದ. ಅವನ ಗಿಟಾರು ಆಗಲೇ ಪೂಜೆಯಲ್ಲಿತ್ತು, ಅವಳ ಗಿಟಾರಿನ ಪಕ್ಕದಲ್ಲೇ.

ಒಂಬತ್ತಕ್ಕೆ ಕಟ್ಟೆಮಳಲವಾಡಿಯಿಂದ ಸಂಘದ ಚಿಕ್ಕಣ್ಣ ಬಂದ. ಬಂದವನೇ ಸುದ್ದಿಪತ್ರದ ಮೇಲೆ ಕಣ್ಣಾಡಿಸಿ, ಕೋಸಂಬರಿ ಬಾಯಿಗೆ ಹಾಕಿಕೊಂಡು ಮುಖ ಕಿವುಚಿದ.

"ಏನ್ ಟೀಚರಮ್ಮ, ಬರ್ದಂಗೇ ಆಗ್ಲಿ ಅಂತ ಬೇಕೂಂತ್ಲೇ ಸುರುದ್ರಾ ಉಪ್ಪ?"

"ಮಾಡಿದ್ದು ನಾನು ಕಣ್ಲಾ," ಎಂದರು ಶಿವರುದ್ರಮ್ಮ. ಅವರು ಆಸ್ಪತ್ರೆಯ ದಾದಿಯಾಗಿ ನಿವೃತ್ತರಾದವರು. "ಒಂದೇ ಚಿಟಿಕೆ ಹಾಕಿರೋದು. ನಿನ್ನ ನಾಲಿಗೆ ಕೆಟ್ಟೋಗ್ಯದೆ."

ಆದರೆ ಅವರೂ ರುಚಿ ನೋಡಿ ನೀರಿನ ಲೋಟಕ್ಕೆ ಕೈ ಚಾಚಿದರು. ಚಲುವಯ್ಯ, ಸಿದ್ದಯ್ಯ ಎಂಬ ಅಣ್ಣತಮ್ಮಂದಿರು ಸುದ್ದಿಪತ್ರ ಓದುತ್ತ ನಗುತ್ತಿದ್ದರು. ಆ ನಗುವಿನ ನಡುವೆಯೇ ಟಣ್ ಎಂದಿತು.

ಜಮಖಾನದ ಹತ್ತಿರ ಯಾರೂ ಇರಲಿಲ್ಲ. ಶಿವರುದ್ರಮ್ಮನ ಗಿಟಾರಿನ ಮೇಲಿನ ಚೆಂಡು ಹೂವು ಅಲುಗುತ್ತಿತ್ತು. ಕಡಿದ ತಂತಿ ಸುರುಳಿಯಾಗಿ ಮೇಲೆದ್ದು ನಿಂತಿತ್ತು. ವಿಮಲ ಎಣಿಸಿದಳು. ಮೂರನೆಯದು.

"ಹಳೇ ತಂತಿ, ಅಷ್ಟೆ," ಎಂದರು ಶಿವರುದ್ರಮ್ಮ. ಅವರ ದನಿ ಸಣ್ಣದಾಗಿತ್ತು.

ವಿಮಲಳ ಕಣ್ಣು ಗೋಡೆಗೆ ಒರಗಿಸಿದ್ದ ದೇವಿಯ ಪಟದ ಮೇಲಿತ್ತು. ಕಿಟಕಿಗಳೆಲ್ಲ ಮುಚ್ಚಿದ್ದವು. ಆದರೂ ಪಟದ ಚೌಕಟ್ಟಿನ ಮೇಲೆ ಗುಬ್ಬಚ್ಚಿಯೊಂದು ಕೂತಿತ್ತು. ಹಾರಿ ಬಂದದ್ದನ್ನು ಯಾರೂ ನೋಡಿರಲಿಲ್ಲ. ಅದು ಚಿಲಿಪಿಲಿ ಎನ್ನಲಿಲ್ಲ. ಕತ್ತು ಓರೆ ಮಾಡಿ, ಏನನ್ನೋ ಕೇಳುವುದಕ್ಕೆ ಕಾದಂತಿತ್ತು.

ವರದಿಯಲ್ಲಿ ನಿಜವಾಗಲು ಇನ್ನು ಉಳಿದದ್ದು ಒಂದೇ ಸಾಲು. ಆರು ಗಿಟಾರು, ಆರು ಹೆಸರು. ಅವನದಿಲ್ಲ.

ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು. ಕೋಟೆ ರಸ್ತೆಯ ಕಡೆಯಿಂದ ಯಾವ ಲಾರಿಯ ಸದ್ದೂ ಇಲ್ಲ.

ಅವಳು ಎದ್ದು ಒಬ್ಬೊಬ್ಬರ ಕೈಯಿಂದಲೂ ಸುದ್ದಿಪತ್ರ ಕಿತ್ತುಕೊಂಡಳು. ಚಿಕ್ಕಣ್ಣ ಬೀಸಣಿಗೆ ಮಾಡಿಕೊಂಡಿದ್ದನ್ನೂ ಬಿಡಲಿಲ್ಲ. ಮೇಜಿನ ಮೇಲಿದ್ದ ಕಟ್ಟಿನ ಜೊತೆ ಸೇರಿಸಿ ಎಣಿಸಿದಳು. ಇಪ್ಪತ್ತೈದು. ಆಮೇಲೆ ಪೂಜೆಯ ಮುಂದೆ ಮಂಡಿಯೂರಿ, ದೇವಿಯ ಪಾದದ ಬಳಿ ತಾನೇ ಇಟ್ಟಿದ್ದ ಇಂಕ್ ಪೆನ್ನಿಗೆ ಕೈ ಹಾಕಿದಳು.

"ವಿಮಲ!" ಗೋವಿಂದಯ್ಯ ಎದ್ದು ನಿಂತರು. "ಇನ್ನೂ ಮರುಪೂಜೆ ಆಗಿಲ್ಲ ಕಣಮ್ಮ. ತೆಗೀಬಾರ್ದು!"

"ತೆಗೀತೀನಿ ಸಾರ್."

ಪೆನ್ನಿಗೆ ಹತ್ತಿದ್ದ ಕುಂಕುಮ ಬೆರಳಿಗೂ ಹತ್ತಿತು. ಮೊದಲ ಪ್ರತಿಯ ಮೇಲೆ ಬರೆದಳು. ಚನ್ನಬಸವಣ್ಣ. ನಾಲ್ಕು ವರ್ಷ ತಡೆದಿದ್ದ ಹೆಸರು ಕಾಗದದ ಮೇಲೆ ಒದ್ದೆಯಾಗಿ ಹೊಳೆಯಿತು. ಎರಡನೆಯದು. ಮೂರನೆಯದು. ಬರೆಯುತ್ತ ಬರೆಯುತ್ತ ತುಟಿಯೂ ಅಲುಗಿತು. ದನಿ ಹೊರಟಿತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಇಪ್ಪತ್ತೈದನೆಯದು ಮುಗಿದಾಗ ಗೋವಿಂದಯ್ಯ ಇನ್ನೂ ನಿಂತೇ ಇದ್ದರು.

ಹತ್ತಕ್ಕೆ ಇನ್ನೂ ಐದು ನಿಮಿಷ ಇರುವಾಗ ಬಾಗಿಲಲ್ಲಿ ಸೈಕಲ್ಲಿನ ಬೆಲ್ಲು ಕೇಳಿಸಿತು. ಚನ್ನಬಸವಣ್ಣ ಯಾರದೋ ಕ್ಯಾರಿಯರ್ ಮೇಲಿಂದ ಇಳಿದ. ಪ್ಯಾಂಟು ಮೊಣಕಾಲಿನವರೆಗೆ ಕೆಸರಾಗಿತ್ತು.

"ಲಾರಿ ಹೋಯ್ತು," ಎಂದ. ನೀರು ಕುಡಿದು, ಮತ್ತೆ ಹೇಳಿದ. "ಊರು ಇನ್ನೆರಡು ಮೈಲಿ ಇತ್ತು. ಯಾರೋ ಹೆಸರು ಹಿಡಿದು ಕರೆದಂಗಾಯ್ತು. ಹೆಣ್ಣು ದನಿ. ಒಂದು ಸಲ ಅಲ್ಲ, ಬಿಡದೇ ಕರೀತಾನೇ ಇತ್ತು. ಡ್ರೈವರಿಗೆ ನಿಲ್ಸು ಅಂದು ಇಳಿದು ನೋಡಿದ್ರೆ ಬರೀ ಹೊಗೆಸೊಪ್ಪಿನ ಹೊಲ, ಒಂದು ನರಪಿಳ್ಳೆ ಇಲ್ಲ. ನಾನು ಹಂಗೇ ನಿಂತಿದ್ದೆ. ಲಾರಿ ಸ್ವಲ್ಪ ಮುಂದಕ್ಕೆ ಉರುಳಿ, ಮೋರಿ ಕುಸಿದು ಮಗುಚ್ಕೊಂಡ್ತು. ಡ್ರೈವರಿಗೆ ಕೈ ಮುರಿದಿದೆ ಅಷ್ಟೆ. ನಾನು ಕೂತಿದ್ದ ಕಡೆ..." ಅಂಗೈಯನ್ನು ಅಂಗೈ ಮೇಲೆ ಒತ್ತಿ ತೋರಿಸಿದ.

"ಯಾರ ದನಿ ಅಂತ ಗೊತ್ತಾಗ್ಲಿಲ್ವಾ?" ಎಂದರು ಶಿವರುದ್ರಮ್ಮ.

ಅವನು ಹೆಂಡತಿಯ ಕಡೆ ನೋಡಿದ. "ನಿನ್ನ ದನಿ ಇದ್ದಂಗಿತ್ತು. ಆದ್ರೆ ನೀನು ಯಾವತ್ತೂ ನನ್ನ ಹೆಸರು ಕರೆದಿಲ್ವಲ್ಲ, ಹೆಂಗೆ ಹೇಳ್ಲಿ?"

ವಿಮಲ ಕುಂಕುಮದ ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಮರುಪೂಜೆ ಆಯಿತು. ಏಳು ಜನ ಅರ್ಧಚಂದ್ರಾಕಾರವಾಗಿ ಕೂತರು. ಶಿವರುದ್ರಮ್ಮ ಉಳಿದ ಐದು ತಂತಿಗಳಲ್ಲೇ ಹೊಂದಿಸಿಕೊಂಡರು. ಗೋವಿಂದಯ್ಯ ತಲೆಯಾಡಿಸಿದರು, ಎಲ್ಲರೂ ನುಡಿಸತೊಡಗಿದರು. ವಿಮಲಳ ಎದೆ ಹಗುರಾಗಿತ್ತು. ಪಕ್ಕದಲ್ಲೇ ಅವನಿದ್ದ. ಅವನ ತೋಳಿನ ಬಿಸಿ ಅವಳಿಗೆ ತಾಕುತ್ತಿತ್ತು. ಇಷ್ಟು ಸಾಕು ಎಂದುಕೊಂಡು ಅವಳು ಕಿವಿಗೊಟ್ಟಳು.

ಆರು ಕೇಳಿಸಿತು.

ಮತ್ತೆ ಎಣಿಸಿದಳು. ಶಿವರುದ್ರಮ್ಮನದು, ಅಣ್ಣತಮ್ಮಂದಿರದು, ಚಿಕ್ಕಣ್ಣನದು, ಗೋವಿಂದಯ್ಯನವರದು, ಅವನದು. ಅವಳು ತನ್ನ ತಂತಿಯನ್ನು ಜೋರಾಗಿ ಮೀಟಿದಳು. ಅದು ಅದುರಿತು. ಅದುರುವುದು ಕಣ್ಣಿಗೆ ಕಾಣಿಸಿತು. ಸದ್ದು ಬರಲಿಲ್ಲ. ಬೆರಳು ಸೀಳುವಷ್ಟು ಎಳೆದಳು, ರಕ್ತ ಬಂತು, ಸದ್ದು ಬರಲಿಲ್ಲ. ಉಳಿದವರ ಮುಖದಲ್ಲಿ ಏನೂ ಕಾಣಲಿಲ್ಲ. ಅವರು ಕಣ್ಣು ಮುಚ್ಚಿ ನುಡಿಸುತ್ತಿದ್ದರು. ಪಟದ ಮೇಲಿನ ಗುಬ್ಬಚ್ಚಿ ಮಾತ್ರ ಅವಳನ್ನೇ ನೋಡುತ್ತಿತ್ತು.

ಎಲ್ಲ ಮುಗಿದ ಮೇಲೆ ಅವನು ಮೆಲ್ಲಗೆ ಕೇಳಿದ. "ಯಾಕೆ, ನೀನು ನುಡಿಸ್ಲೇ ಇಲ್ವಲ್ಲ?"

ಎದುರಿಗೆ ಇಪ್ಪತ್ತೈದು ಪ್ರತಿಗಳೂ ಇದ್ದವು. ಹೆಸರು ಏಳಾಗಿದ್ದರೂ ಮೇಲಿನ ಸಾಲಿನಲ್ಲಿ 'ಆರು' ಎಂದೇ ಉಳಿದಿತ್ತು. ಅವಳು ಪೆನ್ನನ್ನು ಮತ್ತೆ ಕೈಗೆತ್ತಿಕೊಂಡಳು. 'ಆರು' ಹೊಡೆದುಹಾಕಿ 'ಏಳು' ಎಂದು ಬರೆಯಲು ಎಷ್ಟು ಹೊತ್ತು? ನಿಬ್ಬಿನ ಮುಳ್ಳನ್ನು ಕಾಗದದ ಹತ್ತಿರಕ್ಕೆ ತಂದಳು. ಅಷ್ಟರಲ್ಲಿ ಅವನು ಕೆಮ್ಮಿದ. ಸುಮ್ಮನೆ, ಗಂಟಲು ಒಣಗಿದವರು ಕೆಮ್ಮುವ ಹಾಗೆ.

ಆ ಸಾಲು ಮುಟ್ಟಿದರೆ ಅವನಿಗೆ ಇನ್ನೇನಾದೀತೋ ಎಂದು ವಿಮಲ ಪೆನ್ನಿನ ಮುಚ್ಚಳ ಹಾಕಿದಳು.

"ಬೆರಳು ನೋಯ್ತಿತ್ತು ರೀ," ಎಂದಳು. "ಏಳಿ, ಮನೆಗೆ ಹೋಗೋಣ."