ಹೆಸರು ಕೊಟ್ಟ ತಮ್ಮ

ಕಡಲು ದಾಟಿ ದ್ವೀಪಕ್ಕೆ ಬಂದ ಗಡ್ಡದವರು ನದಿಯಾಚೆ ಮರದ ಕೋಟೆ ಕಟ್ಟಿಕೊಂಡ ವರ್ಷವೇ ಮಬಾರೊ ತನ್ನ ಹೆಸರನ್ನು ಅವರಲ್ಲೊಬ್ಬನಿಗೆ ಕೊಟ್ಟುಬಿಟ್ಟ. ಆ ಮನುಷ್ಯ ಮೆಲ್ಚೋರ್. ಜ್ವರ ಬಂದು ದಂಡೆಯಲ್ಲಿ ಬಿದ್ದಿದ್ದವನನ್ನು ಮಬಾರೊ ಹೊತ್ತು ತಂದು, ತನ್ನ ಜೋಲಿಯಲ್ಲಿ ಮಲಗಿಸಿ, ಮರಗೆಣಸಿನ ರೊಟ್ಟಿಯನ್ನು ಮೀನಿನ ಸಾರಿನಲ್ಲಿ ನೆನೆಸಿ ತಿನ್ನಿಸಿದ್ದ. ಅವನು ಚೇತರಿಸಿಕೊಂಡ ಮೇಲೆ ಇಬ್ಬರೂ ಊರವರ ಎದುರು ಹೆಸರು ಬದಲಾಯಿಸಿಕೊಂಡರು. ಆ ದ್ವೀಪದಲ್ಲಿ ಇದು ಹುಡುಗಾಟವಲ್ಲ. ಹೆಸರು ಬದಲಾಯಿಸಿಕೊಂಡವರು ಒಡಹುಟ್ಟಿದವರಿಗಿಂತ ಹೆಚ್ಚು. ಒಬ್ಬನ ಅಕ್ಕ ಇನ್ನೊಬ್ಬನಿಗೂ ಅಕ್ಕ. ಗಡ್ಡದವನು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ. ಪಾಪ, ಗುಣವಾದ ಸಂತೋಷಕ್ಕೆ ನಗುತ್ತಿದ್ದಾನೆ ಎಂದುಕೊಂಡ ಮಬಾರೊ.

ಅಂದಿನಿಂದ ಊರವರ ಬಾಯಲ್ಲಿ ಇವನೇ ಮೆಲ್ಚೋರ್, ಆ ಗಡ್ಡದವನೇ ಮಬಾರೊ. ನಾವು ಹಳೆಯ ಹೆಸರುಗಳಲ್ಲೇ ಕರೆಯೋಣ, ಇಲ್ಲದಿದ್ದರೆ ಕಥೆ ಗೋಜಲಾಗುತ್ತದೆ.

"ಏ ಮೆಲ್ಚೋರಾ, ಗಡ್ಡ ಯಾವಾಗ ಬಿಡ್ತೀಯೋ?" ಎಂದು ಗೆಣಸು ತುರಿಯುವ ಹೆಂಗಸರು ರೇಗಿಸುತ್ತಿದ್ದರು.

"ಬಿಡೋಕೆ ಮೊದಲು ಮೊಳೀಬೇಕಲ್ಲ ತಾಯಿ!" ಎಂದು ಅವನೂ ನಗುತ್ತಿದ್ದ.

ಆ ನಗೆಗೆ ಹೆಚ್ಚು ಆಯಸ್ಸಿರಲಿಲ್ಲ. ಗಡ್ಡದವರು ಚಿನ್ನ ತೋಡಿಸಲು ಮೊದಲು ಗಂಡಸರನ್ನು ಹಿಡಿದೊಯ್ದರು, ಆಮೇಲೆ ಹೆಂಗಸರನ್ನೂ. ಹೋದವರು ಯಾರೂ ತಿರುಗಿ ಬರಲಿಲ್ಲ. ಮಬಾರೊನ ಅಕ್ಕ ಯಾರುಮಾಳ ಮಗನೂ ಹಾಗೆಯೇ ಹೋದ. ಅವಳಿಗೆ ಉಳಿದದ್ದು ಮಗಳು ಅನಾಶಿ ಒಬ್ಬಳೇ. ಆ ಜನರಲ್ಲಿ ಅಕ್ಕನ ಮಕ್ಕಳೇ ಮನೆತನದ ಕುಡಿ. ಅನಾಶಿಯನ್ನು ಎತ್ತಿ ಆಡಿಸಿ ಬೆಳೆಸಿದವನು ಮಬಾರೊ.

ಕೊನೆಗೆ ಊರವರು ಕೂತು ತೀರ್ಮಾನ ಮಾಡಿದರು. ತೋಟದ ಗೆಣಸನ್ನೆಲ್ಲ ಕಿತ್ತು ಹಾಳುಮಾಡಿ, ಮಾರನೆಯ ಬೆಳಿಗ್ಗೆ ಗುಟ್ಟಾಗಿ ಬೆಟ್ಟ ಹತ್ತುವುದು. ತಿನ್ನಲು ಸಿಗದಿದ್ದರೆ ಗಡ್ಡದವರು ತಾವಾಗಿಯೇ ತೊಲಗುತ್ತಾರೆ ಎಂಬ ಆಸೆ.

ಮಧ್ಯಾಹ್ನ ಗೆಣಸು ಕೀಳುತ್ತಿದ್ದ ಮಬಾರೊ ಕೈ ಕೊಡವಿಕೊಂಡು ಎದ್ದ. "ಅಕ್ಕಾ, ಒಂದ್ಸಲ ನದಿ ದಾಟಿ ಬರ್ತೀನಿ. ಅವನಿಗೆ ಹೇಳ್ದೆ ಹೋಗೋದು ಹೇಗೆ?"

"ಯಾರಿಗೋ? ಆ ಗಡ್ಡದವನಿಗಾ? ತಲೆ ಕೆಟ್ಟಿದೆಯಾ ನಿಂಗೆ?"

"ನಾಳೆಯಿಂದ ಅವನು ಏನು ತಿಂತಾನೆ? ನನ್ನ ಹೆಸರು ಹೊತ್ತೋನು ಹಸಿದು ಸತ್ರೆ ನಾನೇ ಸತ್ತ ಹಾಗಲ್ವಾ? ಅವನೊಬ್ಬನ್ನ ಜೊತೆಗೆ ಕರ್ಕೊಂಡು ಹೋಗೋಣ."

"ನನ್ನ ಮಗನ್ನ ಎಳ್ಕೊಂಡು ಹೋದೋರು ಅವನ ಕಡೆಯೋರೇ ಅಲ್ವೇನೋ?"

"ಆ ಗುಂಪಲ್ಲಿ ಅವನಿರ್ಲಿಲ್ಲ ಅಕ್ಕಾ."

"ಅನಾಶಿ ಒಬ್ಳೇ ಉಳ್ದಿರೋದು ಕಣೋ. ನಿನ್ನ ಕಾಲಿಗೆ ಬೀಳ್ತೀನಿ, ಹೋಗ್ಬೇಡ."

ಅಕ್ಕ ಕಾಲಿಗೆ ಬೀಳುವ ಮಾತಾಡಿದರೂ ಅವನು ಹೋದ. ದ್ರೋಹ ಬಗೆಯಲು ಹೋದವನಲ್ಲ. ನನಗೆ ಹೊಟ್ಟೆ ಉರಿಯುವುದೇ ಅದಕ್ಕೆ.

ಕೋಟೆಯ ಬಾಗಿಲಲ್ಲಿ ಮೆಲ್ಚೋರ್ ಅವನನ್ನು ತಬ್ಬಿಕೊಂಡ, ತನ್ನ ಪಾಲಿನ ದ್ರಾಕ್ಷಾರಸ ಕೊಟ್ಟ. ದ್ವೀಪದ ಮಾತು ಅವನಿಗೆ ಅರ್ಧಂಬರ್ಧ ಬರುತ್ತಿತ್ತು. ಮಬಾರೊ ಹೇಳಿದ್ದನ್ನೆಲ್ಲ ಗಮನವಿಟ್ಟು ಕೇಳಿದ.

"ಯಾವ ದಾರಿ?" ಎಂದ.

"ಜಲಪಾತದ ದಾರಿ. ಬೆಳಕು ಹರಿಯೋ ಹೊತ್ತಿಗೆ ಬಂದ್ಬಿಡು. ನಿನ್ನ ಪಾಲಿನ ರೊಟ್ಟಿ ಕಟ್ಟಿಸಿರ್ತೀನಿ."

"ಬರ್ತೀನಿ," ಎಂದ ಮೆಲ್ಚೋರ್.

ಬಂದ ಕೂಡ. ಜೊತೆಗೆ ಇಡೀ ಕೋಟೆಯ ಸೈನಿಕರು, ಅವರ ಬೇಟೆನಾಯಿಗಳು, ಹೆಗಲ ಮೇಲೆ ಹಗ್ಗದ ಸುರುಳಿಗಳು. ಜಲಪಾತದ ಕೆಳಗೆ ದಾರಿ ಕಿರಿದು, ಒಬ್ಬರ ಹಿಂದೊಬ್ಬರು ಹತ್ತಬೇಕು. ಓಡಿದವರನ್ನು ನಾಯಿಗಳು ಕೆಡವಿದವು, ನಿಂತವರ ಕೊರಳಿಗೆ ಹಗ್ಗ ಬಿತ್ತು. ಮಬಾರೊನ ಕೊರಳಿಗೂ ಹಗ್ಗ ಹಾಕಲು ಬಂದ ಸೈನಿಕನನ್ನು ಮೆಲ್ಚೋರ್ ತಡೆದ. ಇವನು ನನ್ನವನು, ಬಿಡು ಎಂದ.

ಮಬಾರೊ ಅವನ ತೋಳು ಹಿಡಿದ. "ಅನಾಶಿ ನನ್ನ ಅಕ್ಕನ ಮಗಳು ಕಣೋ! ಅವಳನ್ನಾದ್ರೂ ಬಿಡಿಸು!"

ಮೆಲ್ಚೋರ್ ತೋಳು ಕೊಡವಿಕೊಂಡ. ಒಬ್ಬನನ್ನು ಉಳಿಸಿದ್ದೇ ದೊಡ್ಡದು ಎಂಬ ಮುಖ ಅವನದು.

ಆಗ ಯಾರುಮಾ ಹಗ್ಗದಲ್ಲಿ ನಿಂತೇ ಮಾತಾಡಿದಳು. ಮಬಾರೊನ ಕಡೆ ಅವಳು ತಿರುಗಲೂ ಇಲ್ಲ. ಗಡ್ಡದವನ ಮುಖವನ್ನೇ ನೋಡುತ್ತ, ಊಟಕ್ಕೆ ಕರೆಯುವಷ್ಟು ಮೆತ್ತಗೆ ಕರೆದಳು.

"ಮಬಾರೊ, ನಾನು ಕಣೋ, ನಿನ್ನಕ್ಕ. ಇವಳು ನಿನ್ನ ಸೋದರಸೊಸೆ. ಇವಳ ಕೊರಳ ಗಂಟು ಬಿಚ್ಚೋ ತಮ್ಮ."

"ಏನಂತಾಳೆ ಇವಳು?" ಎಂದು ಮೆಲ್ಚೋರ್ ಮಬಾರೊನನ್ನು ಕೇಳಿದ. ಮಬಾರೊ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಮೆಲ್ಚೋರ್ ಹಗ್ಗದ ತುದಿ ಹಿಡಿದು ಎಳೆದ.

ಸಾಲು ಇಳಿಯತೊಡಗಿತು. ಮಬಾರೊ ಅಳುತ್ತ ಪಕ್ಕದಲ್ಲೇ ಓಡಿದ. "ಅಕ್ಕಾ, ನನ್ನನ್ನೂ ಕಟ್ಟಲಿ! ನಾನೂ ಬರ್ತೀನಿ ಅಕ್ಕಾ!"

ಯಾರುಮಾ ಈಗ ಅವನನ್ನು ನೋಡಿದಳು. ದಾರಿಯಲ್ಲಿ ಸಿಕ್ಕ ಪರಸ್ಥಳದವರೊಡನೆ ಆಡುವ ಹಾಗೆ, ಮರ್ಯಾದೆಯಿಂದ ಹೇಳಿದಳು.

"ಬೇಡ ಮೆಲ್ಚೋರ್, ನೀವು ಬರ್ಬೇಡಿ. ನಮ್ಮನ್ನ ನನ್ನ ತಮ್ಮ ಕರ್ಕೊಂಡು ಹೋಗ್ತಿದಾನೆ."