ಗುಮ್ಮಣ್ಣ ದಾಟಿದ ತಂತಿ

ನಾನೊಂದು ತಂತಿ. ಬೂದು ಬಣ್ಣ, ಎರಡು ಮೊಳದಷ್ಟು ಉದ್ದ, ಎರಡು ತುದಿಗೂ ಒಂದೇ ಥರದ ಮೂತಿ. ನನ್ನ ತಲೆ ಯಾವುದು, ಬಾಲ ಯಾವುದು ಎಂದು ನನಗೇ ಗೊತ್ತಿಲ್ಲ. ಹುಟ್ಟಿದ್ದು ಚೀನಾದ ಒಂದು ಕಾರ್ಖಾನೆಯಲ್ಲಿ. ಉದ್ದನೆಯ ಮೇಜಿನ ಮುಂದೆ ಸಾಲಾಗಿ ಕೂತ ಹೆಂಗಸರಲ್ಲಿ ಒಬ್ಬಳು ನನ್ನೊಳಗಿನ ಕೂದಲೆಳೆಯಂಥ ತಾಮ್ರವನ್ನು ಬೆಸೆದಳು, ಕಣ್ಣುಜ್ಜಿಕೊಂಡಳು, ನನ್ನನ್ನು ಮುಂದಕ್ಕೆ ತಳ್ಳಿದಳು. ಅವಳ ಮುಖ ಸರಿಯಾಗಿ ನೋಡುವಷ್ಟರಲ್ಲಿ ನಾನು ಪೊಟ್ಟಣದೊಳಗಿದ್ದೆ.

ಅಂಗೈಯಲ್ಲಿ ಹಿಡಿದು ಆಡುವ ಎರಡು ವಿಡಿಯೋ ಗೇಮುಗಳನ್ನು ಒಂದಕ್ಕೊಂದು ಜೋಡಿಸುವುದು ನನ್ನ ಕೆಲಸ. ಒಬ್ಬರೇ ಇದ್ದರೆ ನಾನು ಯಾತಕ್ಕೂ ಬರುವುದಿಲ್ಲ.

ಮಸ್ಕತ್ತಿನ ಒಂದು ಅಂಗಡಿಯಲ್ಲಿ ನನ್ನನ್ನು ಕೊಂಡವರು ಮೂಲ್ಕಿಯ ರಾಘು ಸಾಲಿಯಾನ್. ಅಲ್ಲಿ ಕ್ರೇನ್ ನಡೆಸುತ್ತಿದ್ದರು. ರಜೆಗೆ ಬರುವಾಗ ಮಗಳು ವಿನುತಾಳಿಗೆಂದು ಒಂದು ಗೇಮು, ಅದರೊಳಗೆ ಹಾಕುವ ಆಟದ ಒಂದು ಕ್ಯಾಸೆಟ್ಟು, ಜೊತೆಗೆ ನನ್ನನ್ನೂ ತಂದರು. ಪಕ್ಕದ ಮನೆಯ ಲವೀಟಾ ಕ್ರಾಸ್ತಾಳ ಅಪ್ಪ ಕೂಡ ಮಸ್ಕತ್ತಿನಲ್ಲೇ ಇದ್ದವರು. ಅವಳ ಹತ್ತಿರ ಅಂಥದೇ ಗೇಮು ಆಗಲೇ ಇತ್ತು. ಇಬ್ಬರೂ ಆರನೇ ಕ್ಲಾಸು.

ಕಾಡು, ಗುಡ್ಡ, ಗುಹೆ ಸುತ್ತಿ ವಿಚಿತ್ರ ಪ್ರಾಣಿಗಳನ್ನು ಹಿಡಿಯಬೇಕು, ಸಾಕಬೇಕು, ಕಾದಾಡಿಸಬೇಕು. ಆಟ ಅಷ್ಟೇ. ಹುಡುಗಿಯರು ಅವಕ್ಕೆ ಮರಿಗಳು ಎನ್ನುತ್ತಿದ್ದರು. ವಿನುತಾಳ ಅಮ್ಮ ಜಲಜಕ್ಕನಿಗೆ ಮಾತ್ರ ಅವು ಭೂತಗಳು. "ಊರಿನ ಭೂತಗಳಿಗೆ ಕೋಲ ಕೊಟ್ಟೇ ಮುಗಿಯುವುದಿಲ್ಲ, ಇವಳು ಪೆಟ್ಟಿಗೆಯೊಳಗೆ ಬೇರೆ ಸಾಕುತ್ತಾಳೆ" ಎಂದು ಬೈಯುತ್ತಿದ್ದರು. ಬೈಯುತ್ತಲೇ ಗೇಮಿಗೆ ಪೆನ್ಸಿಲ್ ಸೆಲ್ ತರಿಸಿ ಕೊಡುತ್ತಿದ್ದರು.

ಎರಡು ಮನೆಗಳ ನಡುವೆ ಗಿಡ್ಡ ಕಾಂಪೌಂಡ್ ಗೋಡೆ. ಅದರ ಮೇಲೆ ಇಬ್ಬರೂ ಎದುರುಬದುರು ಕಾಲು ಇಳಿಬಿಟ್ಟು ಕೂರುತ್ತಿದ್ದರು. ನಾನು ಗಿಡ್ಡ, ಹಾಗಾಗಿ ದೂರ ಕೂತರೆ ಆಗುತ್ತಿರಲಿಲ್ಲ. ಮೊಣಕಾಲಿಗೆ ಮೊಣಕಾಲು ತಾಗಬೇಕು. ಒಬ್ಬಳ ಮರಿ ನನ್ನೊಳಗೆ ಇಳಿದು ಇನ್ನೊಬ್ಬಳ ಕಡೆಗೆ ಹೋಗುವಾಗ ಇಬ್ಬರೂ ಉಸಿರು ಹಿಡಿಯುತ್ತಿದ್ದರು. ನನಗೂ ಮೈಯೆಲ್ಲ ಬೆಚ್ಚಗಾಗುತ್ತಿತ್ತು.

ಲವೀಟಾಳ ಮೊದಲ ಮರಿ ಒಂದು ಗೂಬೆಯಂಥದು. ಕಲ್ಲಿನ ಹೊಟ್ಟೆ, ನಿದ್ದೆಗಣ್ಣು. ಇಂಗ್ಲಿಷ್ ಅಕ್ಷರಗಳಲ್ಲೇ ಅವಳು ಅದಕ್ಕೆ ಗುಮ್ಮಣ್ಣ ಎಂದು ಹೆಸರು ಬರೆದಳು. ಅಂಥ ಮರಿ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿದಾಗ ಮಾತ್ರ ರೆಕ್ಕೆ ಬಿಚ್ಚಿ ದೊಡ್ಡದಾಗುತ್ತದೆ. ಆಟದ ಇನ್ನೊಂದು ಕಟ್ಟಳೆ: ಯಾರ ಕೈಗೆ ಹೋದರೂ ಮೊದಲು ಹಿಡಿದವರ ಹೆಸರು ಅಳಿಸುವುದಿಲ್ಲ.

ಏಳನೇ ಕ್ಲಾಸಿನ ಪರೀಕ್ಷೆ ಮುಗಿದ ಮೇಲೆ ಲವೀಟಾ ಮತ್ತು ಅವಳ ಅಮ್ಮ ಮಸ್ಕತ್ತಿಗೆ ಹೊರಟರು. ಹೊರಡುವ ಬೆಳಿಗ್ಗೆ ಅವಳು ಗೋಡೆ ಹತ್ತಿ ಕೂತು ನನ್ನನ್ನು ಸಿಕ್ಕಿಸಿದಳು. ಗುಮ್ಮಣ್ಣ ನನ್ನೊಳಗಿಂದ ದಾಟಿದ. ವಿನುತಾಳ ಪರದೆಯ ಮೇಲೆ ಹೊಳೆದು, ನಡುಗಿ, ರೆಕ್ಕೆ ಬಿಚ್ಚಿದ.

"ನಿನ್ನ ಹತ್ರವೇ ಇರ್ಲಿ" ಎಂದಳು ಲವೀಟಾ. "ರಜೆಯಲ್ಲಿ ಬಂದಾಗ ವಾಪಸ್ ಕೊಡು. ಚಂದ ಮಾಡಿ ನೋಡ್ಕೊ, ಆಯ್ತಾ?"

"ಆಯ್ತು" ಎಂದಳು ವಿನುತಾ.

ರಜೆ ಬಂತು, ಲವೀಟಾ ಬರಲಿಲ್ಲ. ಪಕ್ಕದ ಬಾಡಿಗೆ ಮನೆಗೆ ಬೇರೆಯವರು ಬಂದರು. ಅವರು ಗೋಡೆ ಎತ್ತರಿಸಿ ಮೇಲೆ ಗಾಜಿನ ಚೂರು ನೆಟ್ಟರು.

ಆಮೇಲಿನ ವರ್ಷಗಳನ್ನು ನಾನು ಮೇಜಿನ ಖಾನೆಯೊಳಗಿಂದ ಕಂಡೆ. ರಾಘು ಸಾಲಿಯಾನರು ಕಾಯಿಲೆ ಬಿದ್ದು ಊರಿಗೆ ಬಂದು ತೀರಿಕೊಂಡರು. ವಿನುತಾ ಬಿಕಾಂ ಮುಗಿಸಿ ಸುರತ್ಕಲ್ಲಿನ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ಚೀಟಿ ಕೊಡುವ ಕೆಲಸಕ್ಕೆ ಸೇರಿದಳು. ಸಂಬಂಧಗಳು ಬಂದವು, ಹೋದವು. ಕೂದಲಲ್ಲಿ ಬಿಳಿ ಎಳೆ ಇಣುಕಿತು. ಆಟ ಮಾತ್ರ ನಿಲ್ಲಲಿಲ್ಲ. ಸರಣಿಯ ಹೊಸ ಆಟ ಬಂದಾಗಲೆಲ್ಲ ಕೊಂಡಳು; ಹೊಸ ಕಾಡು, ಹೊಸ ಮರಿಗಳು. ಆದರೂ ಕ್ಲಿನಿಕ್ಕಿನಿಂದ ಬಂದು ಕಾಲು ತೊಳೆದ ಮೇಲೆ ಹಳೆಯ ಕ್ಯಾಸೆಟ್ಟು ಹಾಕಿ ಗುಮ್ಮಣ್ಣನನ್ನು ಒಂದು ಸುತ್ತು ತಿರುಗಿಸಿಯೇ ಮುಂದಿನ ಕೆಲಸ. ಪರದೆಯ ಮೂಲೆಯಲ್ಲಿ ಲವೀಟಾಳ ಹೆಸರು ಇದ್ದೇ ಇರುತ್ತಿತ್ತು.

ಅವಳಂಥವರು ಇನ್ನೂ ಕೆಲವರಿದ್ದರು. ಭಾನುವಾರ ಮಂಗಳೂರಿನ ಒಂದು ಐಸ್‌ಕ್ರೀಮ್ ಪಾರ್ಲರಿನಲ್ಲಿ ಸೇರುತ್ತಿದ್ದರು. ವಿನುತಾ ನನ್ನನ್ನೂ ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದಳು. ಒಬ್ಬರು ಹಲ್ಲಿನ ಡಾಕ್ಟರು, ಇಬ್ಬರು ಬ್ಯಾಂಕಿನವರು, ಇನ್ನೊಬ್ಬ ಸಿಟಿ ಬಸ್ಸಿನ ಕಂಡಕ್ಟರ್ ಹರಿಣಾಕ್ಷ. ಹೊಟ್ಟೆ ಬಂದ ಗಂಡಸರು, ಮಕ್ಕಳನ್ನು ಟ್ಯೂಷನ್ನಿಗೆ ಬಿಟ್ಟು ಬಂದ ಹೆಂಗಸರು ಮೇಜಿನ ಸುತ್ತ ತಲೆಗೆ ತಲೆ ಕೊಟ್ಟು ಕೂತು, ಯಾವ ಮರಿ ಯಾವ ಗುಹೆಯಲ್ಲಿ ಸಿಗುತ್ತದೆ ಎಂದು ಜಗಳಾಡುತ್ತಿದ್ದರು. ಆಟದ ಶುರುವಿನ ಸಂಗೀತ ಬಂದರೆ ಎಲ್ಲರೂ ಸುಮ್ಮನಾಗುತ್ತಿದ್ದರು. ಒಮ್ಮೆ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡದ್ದನ್ನು ನಾನು ಕಂಡಿದ್ದೇನೆ.

ಹಳೆಯ ಕ್ಯಾಸೆಟ್ಟುಗಳನ್ನು ಬಿಚ್ಚಿ ರಿಪೇರಿ ಮಾಡುವುದು ಹರಿಣಾಕ್ಷನಿಗೆ ಗೊತ್ತಿತ್ತು. ಒಂದು ಭಾನುವಾರ ಅವನು ವಿನುತಾಳದ್ದನ್ನು ಬಿಚ್ಚಿ ನೋಡಿದ.

"ವಿನುತಕ್ಕ, ಇದರ ಒಳಗಿನ ಸೆಲ್ ಹೋಗ್ಲಿಕ್ಕಾಯ್ತು. ಹೋದ್ರೆ ಒಳಗೆ ಇರುವುದೆಲ್ಲ ಅಳಿಸಿ ಹೋಗ್ತದೆ. ಹೊಸ ಸೆಲ್ ಹಾಕ್ಲಿಕ್ಕೆ ತೆಗೆದ್ರೂ ಅಷ್ಟೇ. ಗುಮ್ಮಣ್ಣನನ್ನು ನನ್ನ ಕ್ಯಾಸೆಟ್ಟಿಗೆ ಹಾಕಿ ಬಿಡಿ. ಈಗ್ಲೇ."

"ಅದು ನನ್ನದಲ್ಲ ಹರಿಣಾಕ್ಷ. ಅವಳಿಗೇ ಕೊಡ್ಬೇಕು."

ಮರುದಿನವೇ ಅವಳು ಲವೀಟಾಳನ್ನು ಹುಡುಕತೊಡಗಿದಳು. ಫೋನಿನಲ್ಲಿ, ಗೊತ್ತಿದ್ದವರಲ್ಲಿ, ಚರ್ಚಿನ ಹತ್ತಿರದ ಅಂಗಡಿಯಲ್ಲಿ. ಕೊನೆಗೆ ಸಿಕ್ಕಿದಳು. ಕುವೈತಿನಲ್ಲಿ ನರ್ಸು, ಗಂಡ, ಇಬ್ಬರು ಮಕ್ಕಳು. ತಮ್ಮನ ಮದುವೆಗೆಂದು ಕಿನ್ನಿಗೋಳಿಗೆ ಬರುವವಳಿದ್ದಳು. "ಖಂಡಿತ ಬಾ" ಎಂದು ಬರೆದಳು. ವಿನುತಾ ಅವಳಿಗಾಗಿ ಹಳೆಯ ಕಾಲದ್ದೇ ಒಂದು ಗೇಮು, ಒಂದು ಕ್ಯಾಸೆಟ್ಟು ಎಲ್ಲಿಂದಲೋ ಹೊಂದಿಸಿ, ಹರಿಣಾಕ್ಷನಿಂದ ಹೊಸ ಸೆಲ್ ಹಾಕಿಸಿ, ಒರೆಸಿ ಇಟ್ಟಳು. ನನ್ನ ಮೂತಿಗಳನ್ನೂ ಹತ್ತಿಯಿಂದ ಉಜ್ಜಿದಳು. ಅವು ಸವೆದು, ಸಿಕ್ಕಿಸಿದರೆ ಸಡಿಲ ಕೂರುತ್ತಿದ್ದವು. ಅದಕ್ಕೆ ಅವಳು ಮಾಡುವಂಥದ್ದೇನೂ ಇರಲಿಲ್ಲ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ನಾವು ಕಿನ್ನಿಗೋಳಿಗೆ ಹೋದಾಗ ಅಂಗಳದಲ್ಲಿ ಚಪ್ಪರ ಏಳುತ್ತಿತ್ತು. ಲವೀಟಾ ಓಡಿ ಬಂದು ಅಪ್ಪಿಕೊಂಡಳು.

"ವಿನುತಾ! ಎಷ್ಟು ಸಪುರ ಆಗಿದ್ದಿ ಮಾರಾಯ್ತಿ, ಊಟ ಮಾಡುವುದಿಲ್ವಾ? ಅಮ್ಮ ಹೇಗಿದ್ದಾರೆ? ಅವರ ಪತ್ರೊಡೆಯ ಬಗ್ಗೆ ಕುವೈತಲ್ಲಿ ಎಲ್ಲರಿಗೂ ಹೇಳ್ತೇನೆ ನಾನು. ಗೋಡೆ ಮೇಲಿಂದ ಬಾಳೆಲೆಯಲ್ಲಿ ಸುತ್ತಿ ಕೊಡ್ತಿದ್ರು, ನೆನಪುಂಟಾ?"

ವಿನುತಾಳಿಗೆ ಅದು ನೆನಪಿರಲಿಲ್ಲ. ಆದರೂ ತಲೆಯಾಡಿಸಿದಳು. ಜಗಲಿಯ ಬೆಂಚಿನ ಮೇಲೆ ಕೂತು ಚೀಲದಿಂದ ನಮ್ಮನ್ನು ತೆಗೆದಳು.

"ಗುಮ್ಮಣ್ಣನನ್ನು ತಂದಿದ್ದೇನೆ."

"ಯಾರನ್ನು?"

ವಿನುತಾ ಪರದೆ ತೋರಿಸಿದಳು. ಲವೀಟಾ ತನ್ನದೇ ಹೆಸರನ್ನು ಓದಿ ಜೋರಾಗಿ ನಕ್ಕಳು. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. "ಅಯ್ಯೋ ದೇವರೇ, ಇದನ್ನೆಲ್ಲ ಇನ್ನೂ ಇಟ್ಕೊಂಡಿದ್ದೀಯಾ? ನಾನು ಕೊಟ್ಟದ್ದಾ? ನನ್ನ ಗೇಮು ಮಸ್ಕತ್ತಲ್ಲೇ ಯಾರಿಗೋ ಕೊಟ್ಟೆವು, ನಾವು ಅಲ್ಲಿಗೆ ಹೋದ ವರ್ಷವೇ ಇರ್ಬೇಕು."

"ಪರವಾಗಿಲ್ಲ. ನಿನಗೆ ಬೇರೆ ತಂದಿದ್ದೇನೆ. ಈ ಗುಂಡಿ ಒತ್ತಿದರಾಯ್ತು."

ಅವಳು ಗೇಮು ಹಿಡಿದಳು. ವಿನುತಾ ನನ್ನ ಒಂದು ತುದಿಯನ್ನು ಅಲ್ಲಿಗೆ, ಇನ್ನೊಂದನ್ನು ಇಲ್ಲಿಗೆ ಸಿಕ್ಕಿಸಿದಳು. ಮೊಣಕಾಲಿಗೆ ಮೊಣಕಾಲು ತಾಗಿತು. ಇಬ್ಬರೂ ಗುಂಡಿ ಒತ್ತಿದರು. ಗುಮ್ಮಣ್ಣ ರೆಕ್ಕೆ ಮಡಚಿ ನನ್ನೊಳಗೆ ಇಳಿದ. ವಿನುತಾ ಉಸಿರು ಹಿಡಿದಳು.

"ಲವೀ, ಫೋಟೋಕ್ಕೆ ಬಾ! ಎಲ್ಲರೂ ನಿಂತಿದ್ದಾರೆ!" ಎಂದು ಒಳಗಿನಿಂದ ಯಾರೋ ಕೂಗಿದರು.

"ಬಂದೆ!" ಎಂದು ಲವೀಟಾ ಗೇಮು ಕೈಯಲ್ಲಿರುವಂತೆಯೇ ಎದ್ದು ನಿಂತಳು. ನನ್ನ ತುದಿ ಕಳಚಿ ಬಿತ್ತು. ಎರಡೂ ಪರದೆಗಳು ಹಾಗೇ ನಿಂತವು.

ವಿನುತಾ ಅವಳ ಕೈಯ ಗೇಮು ತಗೊಂಡು, ಎರಡನ್ನೂ ಆಫ್ ಮಾಡಿ ಮತ್ತೆ ಹಾಕಿದಳು. ಆ ಕ್ಯಾಸೆಟ್ಟಿನಲ್ಲಿ ಗುಮ್ಮಣ್ಣ ಇರಲಿಲ್ಲ. ತನ್ನದರಲ್ಲಿ ನೋಡಿದಳು. ಅಲ್ಲಿಯೂ ಇರಲಿಲ್ಲ. ಮತ್ತೊಮ್ಮೆ ಹಾಕಿ ನೋಡಿದಳು.

"ಹೋಯ್ತಾ?" ಎಂದಳು ಲವೀಟಾ. ಅವಳಿಗೆ ನಿಜಕ್ಕೂ ಬೇಸರವಾಗಿತ್ತು. "ಸಾರಿ ಮಾರಾಯ್ತಿ. ಬೇರೆ ಒಂದು ಹಿಡಿದ್ರೆ ಆಯ್ತಲ್ಲ?"

"ಹೌದು. ಅದೇನು ದೊಡ್ಡದಲ್ಲ" ಎಂದಳು ವಿನುತಾ.

ಊಟ ಮಾಡಿಯೇ ಹೋಗಬೇಕೆಂದು ಲವೀಟಾ ಹಟ ಹಿಡಿದಳು. ವಿನುತಾ ಉಂಡಳು. ಫೋಟೋದಲ್ಲಿ ಒಂದು ಬದಿಗೆ ನಿಂತಳು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು, ಮತ್ತೆ ಸುತ್ತಿಕೊಂಡಳು. ಮೂಲ್ಕಿಯ ಸ್ಟಾಪು ದಾಟಿ ಹೋದದ್ದು ಅವಳಿಗೆ ತಿಳಿಯಲೇ ಇಲ್ಲ.

ಸುದ್ದಿ ಕೇಳಿ ಹರಿಣಾಕ್ಷ ಅವಳ ಕ್ಯಾಸೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಹೇಳಿದ: "ಅಕ್ಕ, ಕಂಪ್ಯೂಟರಿನಲ್ಲಿ ನಾನು ಹಾಗೆಯೇ ಒಂದು ಮಾಡಿ ಕೊಡ್ತೇನೆ. ಅದೇ ಗೂಬೆ, ಅದೇ ಹೆಸರು. ಲವೀಟಾ ಅಂತಲೇ ತೋರಿಸ್ತದೆ. ಗೊತ್ತೇ ಆಗುವುದಿಲ್ಲ."

"ನನಗೆ ಗೊತ್ತಾಗ್ತದಲ್ಲ."

ಮಳೆಗಾಲದಲ್ಲಿ ಅವಳ ಹಳೆಯ ಕ್ಯಾಸೆಟ್ಟಿನ ಸೆಲ್ಲೂ ಹೋಯಿತು. ಉಳಿದ ಮರಿಗಳೆಲ್ಲ ಅಳಿಸಿಹೋದವು. ಅವಳು ಅದಕ್ಕಾಗಿ ಅಳಲಿಲ್ಲ. ಭಾನುವಾರದ ಗುಂಪೂ ಕರಗಿತು. ಡಾಕ್ಟರಿಗೆ ಬಿಡುವಿಲ್ಲ, ಬ್ಯಾಂಕಿನವರಿಗೆ ವರ್ಗ, ಐಸ್‌ಕ್ರೀಮ್ ಪಾರ್ಲರಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ಹೊಸ ಆಟಗಳಲ್ಲಿ ಮರಿಗಳು ಗಾಳಿಯಲ್ಲೇ ದಾಟುತ್ತವೆ. ಕೊಡುವವನು ಎಲ್ಲಿಯವನೋ, ತಗೊಳ್ಳುವವನು ಎಲ್ಲಿಯವನೋ. ಯಾರೂ ಯಾರ ಎದುರೂ ಕೂರಬೇಕಾಗಿಲ್ಲ.

ಈಚೆಗೆ ಜಲಜಕ್ಕ ಮನೆ ಗುಡಿಸಿ ಸಾರಿಸುವಾಗ ನನ್ನನ್ನು ಎತ್ತಿ ಹಿಡಿದರು. "ಮಗಾ, ಈ ವಯರು ಬೇಕಾ ನಿನಗೆ? ಗುಜರಿಯವ ಬಂದಿದ್ದಾನೆ."

ಜಗಲಿಯಲ್ಲಿ ಹೊಸ ಗೇಮು ಹಿಡಿದು ಕೂತಿದ್ದ ವಿನುತಾ ತಲೆಯೆತ್ತಿ ನನ್ನನ್ನು ನೋಡಿದಳು. ಕೈ ಚಾಚಿದಳು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡಳು. "ಬೇಡ ಅಮ್ಮ" ಎಂದಳು.

ಈಗ ನಾನು ಪಣಂಬೂರಿನ ಹತ್ತಿರದ ಒಂದು ಗುಜರಿ ಅಂಗಡಿಯ ಹಿತ್ತಲಲ್ಲಿದ್ದೇನೆ. ಸುತ್ತ ಇಸ್ತ್ರಿ ಪೆಟ್ಟಿಗೆಯ, ಟೆಲಿಫೋನಿನ, ಮಿಕ್ಸಿಯ ತಂತಿಗಳು. ಸಿಪ್ಪೆ ಸುಟ್ಟು ತಾಮ್ರ ತೆಗೆಯುತ್ತಾರಂತೆ. ಹೆದರಿಕೆಯೇನಿಲ್ಲ. ಅವಳು ನನ್ನನ್ನು ಬಿಟ್ಟುಕೊಟ್ಟದ್ದಕ್ಕೆ ಸಿಟ್ಟೂ ಇಲ್ಲ. ಇಷ್ಟು ಪ್ರೀತಿ ಮಾಡಿದವಳಿಗೆ ಆ ಆಟ ತಿರುಗಿ ಏನು ಕೊಟ್ಟಿತು ಎಂದು ಮಾತ್ರ ಎಷ್ಟು ಯೋಚಿಸಿದರೂ ತಿಳಿಯುವುದಿಲ್ಲ. ಆದರೂ ಅವಳು ಆಡುವುದನ್ನು ಬಿಟ್ಟಿಲ್ಲ. ಬಿಟ್ಟು ಏನು ಮಾಡಬೇಕೆಂದು ಅವಳಿಗೆ ಗೊತ್ತಿಲ್ಲ.

ಗುಜರಿಯವನ ಚೀಲದ ಬಾಯಿಂದ ನಾನು ಅವಳನ್ನು ಕೊನೆಯ ಸಲ ಕಂಡೆ. ಆಗಷ್ಟೇ ಹುಲ್ಲಿನಲ್ಲಿ ಒಂದು ಮರಿ ಹಿಡಿದಿದ್ದಳು. ಇದಕ್ಕೆ ಹೆಸರಿಡುತ್ತೀರಾ ಎಂದು ಆಟ ಕೇಳಿತು. ಅವಳ ಹೆಬ್ಬೆರಳು ಗುಂಡಿಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅವಳು ಇಲ್ಲ ಎಂದು ಒತ್ತಿದಳು.