ಕಿರ್ ಅನ್ನುವ ಕೀಲು

ನಾನು ಒಂದು ಹೊಲಿಗೆ ಮಿಷನ್ನು. ಕಾಲಲ್ಲಿ ತುಳಿಯುವ ಹಳೇ ಜಾತಿಯದು. ಯಾವುದೋ ಕಾರ್ಖಾನೆಯಲ್ಲಿ ಎರಕ ಹೊಯ್ದು, ಕಪ್ಪು ಬಣ್ಣ ಬಳಿದು, ಮೈಮೇಲೆ ಚಿನ್ನದ ಬಣ್ಣದ ಬಳ್ಳಿ ಬರೆದು ರೈಲಿಗೆ ಹಾಕಿದರು. ಹುಟ್ಟಿದಾಗ ಖುಷಿಯಾಯಿತಾ ಅಂತ ಕೇಳಬೇಡಿ. ಕಬ್ಬಿಣಕ್ಕೆ ಎಂಥ ಖುಷಿ! ಸೂಜಿ ಇಳಿಯುತ್ತದೆ, ಸೂಜಿ ಏಳುತ್ತದೆ. ನನ್ನ ಬಾಳು ಅಷ್ಟೇ.

ದಾವಣಗೆರೆಯ ಒಂದು ಗಲ್ಲಿಯ ದರ್ಜಿ ಮನೆ ಮುಂದಿನ ಅಂಗಡಿಗೆಂದು ನನ್ನನ್ನು ಕೊಂಡ. ಅವನ ನಂತರ ಮಗ ಪುಂಡಲೀಕ ರಾವ್ ಕೈಗೆ ಬಂದೆ. ಕೈಗೆ ಅಂದೆನಲ್ಲ, ಕಾಲಿಗೆ ಅನ್ನಬೇಕು. ಮನುಷ್ಯರ ಮುಖ ನನಗೆ ಅಷ್ಟಾಗಿ ತಿಳಿಯದು, ಪಾದ ತಿಳಿಯುತ್ತದೆ. ಅವಸರದ ಪಾದ, ಸಿಟ್ಟಿನ ಪಾದ, ನಿದ್ದೆಗೆಟ್ಟ ಪಾದ, ಎಲ್ಲಾ ನನ್ನ ಪೆಡಲ್ಲಿನ ಮೇಲೆ ಬಂದು ಹೋಗಿವೆ.

ಆ ಮನೆಯಲ್ಲೊಂದು ಪದ್ಧತಿ. ಹೊಸದಾಗಿ ಕಲಿಯುವವರಿಗೆ ದಾರವನ್ನೂ ಕೊಡುವುದಿಲ್ಲ, ಬಟ್ಟೆಯನ್ನೂ ಕೊಡುವುದಿಲ್ಲ. ಸೂಜಿಯ ಕೆಳಗೆ ಹಳೇ ಪೇಪರ್ ಇಟ್ಟು ಖಾಲಿ ಮಿಷನ್ನು ತುಳಿಯಬೇಕು. ಅಕ್ಷರದ ಸಾಲಿನ ಮೇಲೇ ತೂತು ಬೀಳಬೇಕು. ಕಾಲು ಸರಿಯಾಗಿ ಆಡುತ್ತಿದೆಯಾ ಅಂತ ಬಗ್ಗಿ ನೋಡಿದರೆ ಮುಗಿಯಿತು, ಚಕ್ರ ಹಿಂದಕ್ಕೆ ತಿರುಗುತ್ತದೆ. ಪುಂಡಲೀಕ ರಾವ್ ಹುಡುಗನಾಗಿದ್ದಾಗ ಬಗ್ಗಿದಾಗಲೆಲ್ಲ ಅಪ್ಪನ ಸ್ಕೇಲು ತಲೆಗೆ ಟಪ್ಪನೆ ಬೀಳುತ್ತಿತ್ತು. ಮುಂದೆ ಅವರೇ ಹೊಸ ಹೆಂಡತಿ ಸುಭದ್ರಾಬಾಯಿಯನ್ನು ಕೂರಿಸಿಕೊಂಡು, ಸ್ಕೇಲಿಲ್ಲದೆ, ಮೆಲ್ಲಗೆ ಹೇಳಿಕೊಟ್ಟರು: "ಕಾಲು ನೋಡಬೇಡ ಕಣೇ, ಗೆರೆ ನೋಡು. ಕಾಲಿಗೆ ಅದರ ಕೆಲಸ ಗೊತ್ತು."

ವರ್ಷಗಳು ಹೋದವು. ಅವರಿಗೊಬ್ಬ ಮಗ ಹುಟ್ಟಿ ಬೆಳೆದ. ಲಂಗ, ರವಿಕೆ, ಸ್ಕೂಲ್ ಚಡ್ಡಿ. ಹೇಳುವಂಥದ್ದೇನೂ ಇಲ್ಲ.

ಒಂದು ಬೆಳಿಗ್ಗೆ ನನ್ನ ಪೆಡಲ್ಲಿನ ಮೇಲೆ ಬಿಸಿಯಾಗಿ ಏನೋ ಹರಿಯಿತು. ರಕ್ತ. ಪುಂಡಲೀಕ ರಾವ್ ಬಲಗಾಲಿಗೆ ಗುಂಡುಸೂಜಿ ಬುಡದವರೆಗೂ ಹೊಕ್ಕಿತ್ತು, ಅವರು ಹಾಡು ಗುನುಗುತ್ತಾ ತುಳಿಯುತ್ತಲೇ ಇದ್ದರು. ಸುಭದ್ರಾಬಾಯಿ ನೋಡಿ "ಅಯ್ಯೋ, ರೀ!" ಅಂತ ಕಿರುಚಿಕೊಂಡರು. ಸಕ್ಕರೆ ಕಾಯಿಲೆ ಕಾಲನ್ನು ಮರಗಟ್ಟಿಸಿತ್ತು. ಎಡಗಾಲೂ ಅದೇ ದಾರಿ ಹಿಡಿದಿತ್ತು. ನನ್ನದೂ ಕಬ್ಬಿಣ, ಅವರದೂ ಕಬ್ಬಿಣ ಅಂದುಕೊಂಡೆ.

ಆಮೇಲೆ ಅವರು ಬಗ್ಗಿ ಕಾಲು ನೋಡುತ್ತಾ ತುಳಿಯತೊಡಗಿದರು. ಕಾಲು ನೋಡಿದರೆ ಬಟ್ಟೆ ಕಾಣದು. ಹೊಲಿಗೆ ಹಾವಿನ ಹಾಗೆ ಓಡಿತು, ದಾರ ಪಟಪಟ ಕಿತ್ತುಹೋಯಿತು. ಮೋಟಾರ್ ಹಾಕಿಸಿ ನೋಡಿದರು. ಎಷ್ಟು ಒತ್ತುತ್ತಿದ್ದೇನೆಂದು ತಿಳಿಯದೆ ಕೈಬೆರಳನ್ನೇ ಹೊಲಿದುಕೊಳ್ಳುತ್ತಿದ್ದರು, ಬಿಚ್ಚಿಸಿದರು. ಮಗನಿಗೆ ಹೇಳಲಿಲ್ಲ. ಹೇಳಿದರೆ ಅಂಗಡಿ ಮುಚ್ಚಿಸುತ್ತಾನೆ.

"ಹೊಲಿಗೆ ಬಿಟ್ಟರೆ ನಾನು ಯಾರೇ, ಸುಭದ್ರಾ?" ಅಂದರು. ಅತ್ತರು ಕೂಡ.

ಸುಭದ್ರಾಬಾಯಿ ಸೆರಗಿನಲ್ಲಿ ಮೂಗು ಒರೆಸಿಕೊಂಡು ಗದರಿದರು. "ಕಾಲು ನೋಡಬೇಡ ಅಂತ ನನಗೆ ಹೇಳಿಕೊಟ್ಟೋರು ಯಾರು?"

"ನೋಡದೆ ಗೊತ್ತಾಗೋದು ಹೆಂಗೆ?"

"ಕೇಳ್ರಿ."

ನನ್ನ ಪೆಡಲ್ಲಿನ ಕೀಲೊಂದು ಸವೆದಿತ್ತು. ಎಣ್ಣೆ ಆರಿದಾಗ, ಹಿಮ್ಮಡಿ ಕೆಳಗೆ ಬಂದಾಗಲೆಲ್ಲ ಕಿರ್ ಅನ್ನುತ್ತಿತ್ತು. ಹಿಂದೆಲ್ಲ ಅದು ಕೇಳಿಸಿದರೆ ಸಾಕು, ಪುಂಡಲೀಕ ರಾವ್ ಬೈದುಕೊಂಡು ಎಣ್ಣೆ ಬಿಡುತ್ತಿದ್ದರು. ಈಗ ಬಿಡುವುದನ್ನು ನಿಲ್ಲಿಸಿದರು. ಕಣ್ಣು ಬಟ್ಟೆ ಮೇಲೆ, ಕಿವಿ ನನ್ನ ಕೀಲಿನ ಮೇಲೆ. ಕಿರ್ ಅಂದರೆ ಹಿಮ್ಮಡಿ ಕೆಳಗಿದೆ, ಈಗ ಕಾಲ್ಬೆರಳು ಒತ್ತಬೇಕು. ಮತ್ತೆ ಖಾಲಿ ಮಿಷನ್ನು, ಮತ್ತೆ ಹಳೇ ಪೇಪರು. ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಕೊನೆಗೆ ಗೆರೆ ನೆಟ್ಟಗಾಯಿತು. ರವಿಕೆ ಕೊಂಡುಹೋದವರಿಗೆ ಯಾವ ವ್ಯತ್ಯಾಸವೂ ಗೊತ್ತಾಗಲಿಲ್ಲ. ಆ ದಿನ ಸುಭದ್ರಾಬಾಯಿ ಪಾಯಸ ಮಾಡಿದರು.

ಈ ವರ್ಷ ಮನೆಗೆ ಸೊಸೆ ಬಂದಳು, ವೈಜಯಂತಿ. ಒಳ್ಳೇ ಹುಡುಗಿ, ಮೆತ್ತನೆ ಹೆಜ್ಜೆ. ಆಯುಧ ಪೂಜೆಯ ದಿನ ಅತ್ತೆ ಹೂವು ತರಲು ಹೋಗಿದ್ದಾಗ ನನ್ನನ್ನು ಒರೆಸಿ, ಕುಂಕುಮ ಹಚ್ಚಿ, ನಮಸ್ಕಾರ ಮಾಡಿದಳು. ಆಮೇಲೆ ಪ್ರತಿ ಕೀಲಿಗೂ ಎಣ್ಣೆ ಬಿಟ್ಟಳು, ಧಾರಾಳವಾಗಿ. ಬೇಡಮ್ಮಾ ಅನ್ನಲು ನನಗೆ ಬಾಯಿಲ್ಲ.

ಹಬ್ಬ ಕಳೆದು ಪುಂಡಲೀಕ ರಾವ್ ಕೂತರು. ತುಳಿದರು. ಕಿರ್ ಇಲ್ಲ. ನಿಲ್ಲಿಸಿ ಮತ್ತೆ ತುಳಿದರು. ಬಗ್ಗಿ ಕಾಲು ನೋಡಿದರು. ಚಕ್ರ ಹಿಂದಕ್ಕೆ ತಿರುಗಿ ದಾರ ಕಿತ್ತುಹೋಯಿತು.

"ಮಾವ, ಈಗ ಎಷ್ಟು ಹಗುರ ಆಗಿದೆ ನೋಡಿ! ಎಲ್ಲಾ ಕಡೆ ಎಣ್ಣೆ ಬಿಟ್ಟಿದೀನಿ."

"ಹೂಂ ಕಣಮ್ಮ," ಅಂದರು. "ಬೆಣ್ಣೆ ಆಗಿದೆ."

ಸೊಸೆ ಒಳಗೆ ಹೋದ ಮೇಲೆ ಸುಭದ್ರಾಬಾಯಿ ಪಿಸುಗುಟ್ಟಿದರು. "ಸೀಮೆಎಣ್ಣೆ ಹಾಕಿ ತೊಳೆದುಬಿಡ್ಲಾ?"

"ಬೇಡ. ಯಾಕೆ ಅಂತ ಕೇಳ್ತಾಳೆ. ಕಾಲಿನ ವಿಷಯ ಮಗನ ಕಿವಿಗೆ ಹೋಗುತ್ತೆ. ಪಾಪ, ಭಕ್ತಿಯಿಂದ ಮಾಡಿದಾಳೆ, ನೊಂದ್ಕೋತಾಳೆ. ತಾನಾಗೇ ಆರಲಿ."

ಈಗ ಹೊಲಿಗೆ ನಿಂತಿದೆ. ಬಂದವರಿಗೆ ದೀಪಾವಳಿ ಕಳೀಲಿ ಅಂತಾರೆ. ಮಧ್ಯಾಹ್ನ ಊಟವಾದ ಮೇಲೆ ನನ್ನ ಮೂಲೆಗೆ ಬಂದು, ದಾರ ತೆಗೆದು, ಪೇಪರ್ ಇಟ್ಟು ಸುಮ್ಮನೆ ತುಳಿಯುತ್ತಾರೆ. ತುಳಿದಷ್ಟೂ ಎಣ್ಣೆ ಬೇಗ ಹೋಗುತ್ತದಂತೆ. ತೂತುಗಳು ಸಾಲು ಬಿಟ್ಟು ಎಲ್ಲೆಲ್ಲೋ ಬೀಳುತ್ತವೆ.

ನಿನ್ನೆ ವೈಜಯಂತಿ ನಿಂತು ನೋಡಿದಳು. "ಮಾವ, ದಾರ ಹಾಕೋದೇ ಮರೆತ್ರಾ?"

"ಇಲ್ಲಮ್ಮ," ಅಂದರು ಪುಂಡಲೀಕ ರಾವ್. "ಕಲೀತಾ ಇದೀನಿ."

ಕಬ್ಬಿಣಕ್ಕೆ ಎಂಥ ಆಸೆ ಅಂತ ಮೊದಲೇ ಹೇಳಬೇಕೆಂದಿದ್ದೆ. ಹೇಳದಿದ್ದದ್ದೇ ಒಳ್ಳೆಯದಾಯಿತು. ಆ ಸತ್ತ ಪಾದಗಳು ಮೇಲೆ ಕೆಳಗೆ ಆಡುತ್ತಿರುವಾಗ ನನ್ನ ಒಂದೊಂದು ಕೀಲೂ ತುಕ್ಕಿಗಾಗಿ ಬೇಡಿಕೊಳ್ಳುತ್ತಿದೆ.